ಪ್ಲೇ ಒತ್ತುವ ಮುಂಚೆ ಎಷ್ಟು ಡೇಟಾ ಅಂತ ಹೇಳಿ: ಸಿನಿಮಾ ಆಪ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸಿನಿಮಾ ಆಪ್‌ಗಳನ್ನು ಕಟ್ಟುವವರಿಗೆ, ನಡೆಸುವವರಿಗೆ ನಮಸ್ಕಾರ.

ನಾನು ನಿಮ್ಮ ಗ್ರಾಹಕಿ. ಎರಡು ಮೂರು ಆಪ್‌ಗಳಿಗೆ ತಪ್ಪದೆ ದುಡ್ಡು ಕಟ್ಟುತ್ತೇನೆ. ಸಿನಿಮಾ ನೋಡುವುದು ಫೋನಿನಲ್ಲೇ, ಅದೂ ಹೆಚ್ಚಾಗಿ ಮೊಬೈಲ್ ಡೇಟಾದಲ್ಲೇ. ನನ್ನ ಹಾಗೆ ನೋಡುವವರು ತುಂಬಾ ಜನ ಇದ್ದಾರೆ. ವೈಫೈ ಇಲ್ಲದ ಮನೆಯವರು, ಬಾಡಿಗೆ ರೂಮಿನವರು, ದಿನಾ ಗಂಟೆಗಟ್ಟಲೆ ಪ್ರಯಾಣ ಮಾಡುವವರು, ರಾತ್ರಿ ಪಾಳಿಯ ಮಧ್ಯೆ ಅರ್ಧ ಗಂಟೆ ಬಿಡುವು ಸಿಕ್ಕವರು. ಅವರಿಗೆಲ್ಲ ಡೇಟಾ ಅಂದರೆ ಅಳೆದು ಕೊಟ್ಟ ವಸ್ತು. ಖಾಲಿ ಆದರೆ ಖಾಲಿ.

ನಾನು ಕೇಳುವುದು ಒಂದೇ. ಪ್ಲೇ ಒತ್ತುವ ಮುಂಚೆ, ಈ ಸಿನಿಮಾ ಪೂರ್ತಿ ನೋಡಿದರೆ ಎಷ್ಟು ಡೇಟಾ ಹೋಗುತ್ತೆ ಅಂತ ಒಂದು ಸಂಖ್ಯೆ ತೋರಿಸಿ. ಎಂಬಿಯಲ್ಲೋ ಜಿಬಿಯಲ್ಲೋ, ಆ ಬಟನ್ ಪಕ್ಕದಲ್ಲೇ.

ಇದನ್ನು ಬರೆಯೋಕೆ ಕಾರಣ ನಮ್ಮಪ್ಪ. ಅವರಿಗೆ ರಾತ್ರಿ ಮಲಗುವ ಮುಂಚೆ ಒಂದು ಹಳೇ ಸಿನಿಮಾ ಬೇಕು. ದಿಂಬಿಗೆ ಒರಗಿ, ಫೋನನ್ನು ಎದೆ ಮೇಲೆ ಅಡ್ಡ ಇಟ್ಟುಕೊಂಡು, ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಂಡು ನೋಡುತ್ತಾರೆ. ಇನ್ನೊಂದು ಕಿವಿ ಮನೆಯವರು ಕರೆದರೆ ಕೇಳಿಸಲಿ ಅಂತ. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ನೀರು ಕುಡಿಯೋಕೆ ಎದ್ದವಳು ಅವರ ಕೋಣೆಯಲ್ಲಿ ಬೆಳಕು ನೋಡಿ ಒಳಗೆ ಹೋದೆ. ಅಪ್ಪ ಗಾಢ ನಿದ್ದೆಯಲ್ಲಿದ್ದರು. ಇಯರ್‌ಫೋನ್ ಜಾರಿ ದಿಂಬಿನ ಕೆಳಗೆ ಸೇರಿತ್ತು. ಫೋನು ಹಾಸಿಗೆ ಮೇಲೆ ಬಿದ್ದಿತ್ತು, ಮುಟ್ಟಿದರೆ ಬಿಸಿ. ಅಪ್ಪ ಹಾಕಿದ ಸಿನಿಮಾ ಯಾವಾಗಲೋ ಮುಗಿದಿತ್ತು. ಅದರ ಹಿಂದೆ ಆಪ್ ತಾನೇ ಆರಿಸಿಕೊಂಡ ಇನ್ನೊಂದು ಸಿನಿಮಾ ಓಡುತ್ತಾ ಇತ್ತು, ಅದೂ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಯಾರೂ ನೋಡುತ್ತಿರಲಿಲ್ಲ.

ಬೆಳಗ್ಗೆ ಅಪ್ಪನಿಗೆ ಡಾಕ್ಟರ್ ಜೊತೆ ವಿಡಿಯೋ ಕಾಲ್ ಇತ್ತು. ನೆಟ್ ಖಾಲಿ. ಡಾಕ್ಟರ ಮುಖ ಒಂದು ಕ್ಷಣ ಬಂದು ಅಲ್ಲೇ ನಿಂತುಬಿಟ್ಟಿತು, ದನಿ ತುಂಡು ತುಂಡಾಗಿ ಬಂತು. ಆಮೇಲೆ ನನ್ನ ಫೋನಿಂದ ಮಾಡಿಕೊಟ್ಟೆ, ಅದು ಬೇರೆ ವಿಷಯ. ನನಗೆ ಮನಸ್ಸಲ್ಲಿ ಉಳಿದಿದ್ದು ಅಪ್ಪ ಹೇಳಿದ ಮಾತು. "ನಾನೇ ಏನೋ ತಪ್ಪು ಒತ್ತಿರಬೇಕು ಕಣಮ್ಮ" ಅಂದರು. ಅವರು ಏನೂ ಒತ್ತಿರಲಿಲ್ಲ. ನಿದ್ದೆ ಬಂತು, ಮಲಗಿದರು, ಅಷ್ಟೇ. ಆದರೂ ತಪ್ಪು ತಮ್ಮದೇ ಅಂದುಕೊಂಡು ಎಷ್ಟೋ ದಿನ ಆ ಆಪ್ ತೆರೆಯಲೇ ಇಲ್ಲ. ಕೇಳಿದರೆ "ಬೇಡ ಬಿಡು, ಸುಮ್ನೆ ನೆಟ್ ಹೋಗುತ್ತೆ" ಅನ್ನೋರು.

ಹಾಗಾಗಿ ಒಂದು ಭಾನುವಾರ ಅಪ್ಪನ ಪಕ್ಕ ಕೂತು ಸೆಟ್ಟಿಂಗ್ಸ್ ಹುಡುಕಿದೆ. ಪ್ರೊಫೈಲ್ ಚಿತ್ರ ಒತ್ತಿ, ಅಲ್ಲಿಂದ ಇನ್ನೊಂದು ಮೆನು, ಅದರೊಳಗೆ ಆಪ್ ಸೆಟ್ಟಿಂಗ್ಸ್, ಅದರೊಳಗೆ ವಿಡಿಯೋ ಗುಣಮಟ್ಟ. ಕೊನೆಗೂ ಸಿಕ್ಕಿತು. ಅಲ್ಲಿ ಇದ್ದದ್ದು ಬರೀ ಮಾತು: ಆಟೋ, ಡೇಟಾ ಉಳಿತಾಯ, ಉತ್ತಮ, ಅತ್ಯುತ್ತಮ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಓದಿ, "ಉತ್ತಮ ಅಂದರೆ ಎಷ್ಟು ಹೋಗುತ್ತೆ?" ಅಂತ ಕೇಳಿದರು. ಅದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಆ ಪರದೆಯಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಇನ್ನು ಆಟೋ ಅಂತೂ ಬಿಡಿ, ಎಷ್ಟು ಬೇಕಾದರೂ ಆಗಬಹುದು. ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಕ್ಕಷ್ಟೂ ಅದು ಜಾಸ್ತಿ ಎಳೆದುಕೊಳ್ಳುತ್ತೆ. ಒಳ್ಳೇ ನೆಟ್‌ವರ್ಕ್ ಸಿಕ್ಕ ದಿನವೇ ಡೇಟಾ ಬೇಗ ಮುಗಿಯುತ್ತೆ ಅಂತ ನನಗೆ ಅರ್ಥ ಆಗಿದ್ದು ಅವತ್ತೇ.

ಈ ವ್ಯತ್ಯಾಸ ಚಿಕ್ಕದಲ್ಲ. ನೆಟ್‌ಫ್ಲಿಕ್ಸ್ ತನ್ನ ಸಹಾಯ ಪುಟದಲ್ಲಿ ಮೊಬೈಲ್ ಡೇಟಾದ ಲೆಕ್ಕ ಕೊಟ್ಟಿದೆ. ಡೇಟಾ ಉಳಿಸುವ ಸೆಟ್ಟಿಂಗ್‌ನಲ್ಲಿ 1 ಜಿಬಿಗೆ ಸುಮಾರು 6 ಗಂಟೆ ನೋಡಬಹುದು. ಆಟೋದಲ್ಲಿ ಸುಮಾರು 4 ಗಂಟೆ. ಗರಿಷ್ಠ ಇಟ್ಟರೆ 20 ನಿಮಿಷಕ್ಕೇ 1 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಹೋಗಬಹುದು. ಎರಡು ಗಂಟೆಯ ಸಿನಿಮಾಗೆ ಲೆಕ್ಕ ಹಾಕಿ ನೋಡಿ. ಒಂದು ಕಡೆ 1 ಜಿಬಿಯಲ್ಲಿ ಮೂರನೇ ಒಂದು ಭಾಗ, ಇನ್ನೊಂದು ಕಡೆ 6 ಜಿಬಿ. ಹದಿನೆಂಟು ಪಟ್ಟು! ಅದೇ ಕಥೆ, ಅದೇ ಹಾಡು, ಅದೇ ಆರು ಇಂಚಿನ ಪರದೆ. ಲೆಕ್ಕ ಕೊಟ್ಟಿರೋದು ಒಳ್ಳೇದೇ, ಅದಕ್ಕೆ ಥ್ಯಾಂಕ್ಸ್. ಆದರೆ ಸಹಾಯ ಪುಟ ಓದಿ ಸಿನಿಮಾ ಹಾಕುವವರು ಯಾರಿದ್ದಾರೆ ಹೇಳಿ?

"ಮುಂಚೆನೇ ಹೇಳೋಕೆ ಆಗಲ್ಲ, ನೆಟ್‌ವರ್ಕ್ ನೋಡಿಕೊಂಡು ಬದಲಾಗುತ್ತೆ" ಅಂತ ನೀವು ಹೇಳಬಹುದು. ಇದನ್ನು ನಾನು ಒಪ್ಪಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ.

ಸಿನಿಮಾ ನಮ್ಮ ಫೋನಿಗೆ ಒಂದೇ ಫೈಲಾಗಿ ಬರಲ್ಲ. ಅದನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಒಂದೊಂದು ತುಂಡಿಗೂ ಕಡಿಮೆ ಗುಣಮಟ್ಟದ್ದು, ಮಧ್ಯಮ, ಜಾಸ್ತಿ ಅಂತ ಹಲವು ಪ್ರತಿಗಳು. ನೆಟ್ ಜೋರಾಗಿದ್ದರೆ ಫೋನು ಮುಂದಿನ ತುಂಡನ್ನು ದೊಡ್ಡ ಪ್ರತಿಯಿಂದ ತರಿಸುತ್ತೆ, ನಿಧಾನ ಆದರೆ ಚಿಕ್ಕದರಿಂದ. ಮಧ್ಯದಲ್ಲಿ ಚಿತ್ರ ಒಮ್ಮೊಮ್ಮೆ ಮಸುಕಾಗಿ ಮತ್ತೆ ಸರಿಯಾಗುತ್ತಲ್ಲ, ಅದು ಇದೇ. ಆಪಲ್ 2009ರಲ್ಲಿ ಎಚ್‌ಎಲ್‌ಎಸ್ ಅಂತ ಈ ಥರದ ಒಂದು ವಿಧಾನ ತಂದಿತು, 2012ರಲ್ಲಿ ಡ್ಯಾಶ್ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂತು. ಇವೆರಡರಲ್ಲೂ ಸಿನಿಮಾ ಶುರುವಾಗುವ ಮುಂಚೆ ಫೋನಿಗೆ ಮೊದಲು ಒಂದು ಪಟ್ಟಿ ಬರುತ್ತೆ. ಯಾವ ಯಾವ ಪ್ರತಿ ಇದೆ, ಒಂದೊಂದಕ್ಕೂ ಸೆಕೆಂಡಿಗೆ ಎಷ್ಟು ಬಿಟ್ ಬೇಕು ಅಂತ ಆ ಪಟ್ಟಿಯಲ್ಲಿ ಬರೆದಿರಲೇಬೇಕು. ಅದು ನಿಯಮ.

ಅಂದರೆ ಸಂಖ್ಯೆ ನಿಮ್ಮ ಹತ್ತಿರ ಇದೆ. ನನ್ನ ಫೋನಿನೊಳಗೇ ಬಂದು ಕೂತಿದೆ. ಬರೀ ನನ್ನ ಕಣ್ಣಿಗೆ ಕಾಣಿಸಲ್ಲ. ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಗಂಟೆಗೆ 450 ಎಂಬಿ. ಸೆಕೆಂಡಿಗೆ 5 ಮೆಗಾಬಿಟ್ ಅಂದರೆ ಗಂಟೆಗೆ 2.25 ಜಿಬಿ. ಬಿಟ್ ಬೇರೆ, ಬೈಟ್ ಬೇರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್, ಎಂಬಿ ಜಿಬಿ ಅನ್ನೋದು ಬೈಟಿನ ಲೆಕ್ಕ, ಅಷ್ಟು ತಿಳಿದರೆ ಉಳಿದಿದ್ದು ಗುಣಾಕಾರ. ಸಿನಿಮಾ ಎಷ್ಟು ಹೊತ್ತಿನದು ಅಂತಲೂ ನಿಮಗೆ ಗೊತ್ತು. ಎರಡನ್ನೂ ಗುಣಿಸಿ ತೋರಿಸೋಕೆ ಏನು ಕಷ್ಟ?

ಇನ್ನೂ ಒಂದು ಮಾತು. ಇದೇ ಸಿನಿಮಾವನ್ನು ಡೌನ್‌ಲೋಡ್ ಮಾಡಿದಾಗ ಎಷ್ಟೋ ಆಪ್‌ಗಳು ಅದು ಇಷ್ಟು ಎಂಬಿ ಅಂತ ತೋರಿಸುತ್ತವೆ. ಯಾಕೆ? ಫೋನಿನಲ್ಲಿ ಜಾಗ ಇದೆಯಾ ಇಲ್ಲವಾ ಅಂತ ನೋಡುವವರಿಗೆ ಗೊತ್ತಾಗಬೇಕು ಅಂತ. ಜಾಗಕ್ಕೆ ಇರುವ ಈ ಮರ್ಯಾದೆ ಡೇಟಾಗೆ ಯಾಕಿಲ್ಲ? ಜಾಗ ಆದರೆ ಅಳಿಸಿ ಮತ್ತೆ ಮಾಡಿಕೊಳ್ಳಬಹುದು. ಹೋದ ಡೇಟಾ ಹೋಯಿತು.

ಆಟೋ ಆಗಿದ್ದರೆ ಒಂದೇ ಸಂಖ್ಯೆ ಹೇಳೋದು ಕಷ್ಟ, ಒಪ್ಪುತ್ತೇನೆ. ಹಾಗಾದರೆ ಎರಡು ಹೇಳಿ. ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು. ಇನ್ನೂ ಒಳ್ಳೇದು ಏನಂದರೆ, ಮಿತಿ ಹಾಕೋಕೆ ನಮಗೇ ಬಿಡಿ. "ಈ ಸಿನಿಮಾಗೆ 500 ಎಂಬಿ ದಾಟಬೇಡ" ಅಂತ ನಾನು ಹೇಳಿದರೆ ಆಪ್ ಅಷ್ಟರೊಳಗೆ ಹೊಂದಿಸಿಕೊಂಡು ಹೋಗಲಿ. ಕತ್ತಲ ದೃಶ್ಯಕ್ಕೆ ಎಷ್ಟು ಕೊಡಬೇಕು, ಮಳೆ ಸುರಿಯುವ ದೃಶ್ಯಕ್ಕೆ ಎಷ್ಟು, ಇಬ್ಬರು ಕೂತು ಮಾತಾಡುವ ದೃಶ್ಯಕ್ಕೆ ಎಷ್ಟು ಸಾಕು ಅನ್ನೋದೆಲ್ಲ ನಿಮ್ಮ ಎಂಜಿನಿಯರ್‌ಗಳಿಗೆ ನನಗಿಂತ ಎಷ್ಟೋ ಚೆನ್ನಾಗಿ ಗೊತ್ತು.

ಕಡಿಮೆ ಡೇಟಾದಲ್ಲಿ ನೋಡಿದರೆ ಸಿನಿಮಾ ಹಾಳಾಗುತ್ತೆ ಅನ್ನೋರಿಗೆ ಒಂದು ಲೆಕ್ಕ. 1080ಪಿ ಗುಣಮಟ್ಟದ ಚಿತ್ರ ಅಂದರೆ 1080 ಸಾಲು, ಒಟ್ಟು 20,73,600 ಚುಕ್ಕಿ. 720ಪಿ ಅಂದರೆ 9,21,600, ಅರ್ಧಕ್ಕಿಂತ ಕಡಿಮೆ. ಫೋನನ್ನು ಅಡ್ಡ ಹಿಡಿದರೆ ಚಿತ್ರದ ಎತ್ತರ ಸುಮಾರು 7 ಸೆಂಟಿಮೀಟರ್. ಅದರಲ್ಲಿ 720 ಸಾಲು ಅಂದರೆ ಒಂದೊಂದು ಸಾಲೂ ಮಿಲಿಮೀಟರಿನ ಹತ್ತನೇ ಒಂದು ಭಾಗ. 40 ಸೆಂಟಿಮೀಟರ್ ದೂರದಿಂದ ಸಾಮಾನ್ಯವಾಗಿ ಚೆನ್ನಾಗಿರುವ ಕಣ್ಣು ಬಿಡಿಸಿ ನೋಡಬಲ್ಲದ್ದು ಅದಕ್ಕಿಂತ ಸ್ವಲ್ಪ ದಪ್ಪ ಗೆರೆಯನ್ನು. ಅಂದರೆ ಆ ದೂರದಲ್ಲಿ 720ಪಿಗಿಂತ ಮೇಲೆ ಕಳಿಸಿದ ಚುಕ್ಕಿಗಳನ್ನು ನಮ್ಮ ಕಣ್ಣು ಬೇರೆ ಬೇರೆಯಾಗಿ ನೋಡೋದೇ ಕಷ್ಟ. ದೊಡ್ಡ ಟಿವಿಯಲ್ಲಿ ವಿಷಯ ಬೇರೆ. ಆದರೆ ಫೋನಿನಲ್ಲಿ ಕಾಣದೇ ಇರೋದನ್ನು ತರಿಸಿಕೊಳ್ಳೋಕೆ ಅಪ್ಪನ ಡೇಟಾ ಯಾಕೆ ಸುರಿಯಬೇಕು? ಅಪ್ಪನಿಗೆ ಒಂದೇ ದೃಶ್ಯವನ್ನು ಎರಡು ಸೆಟ್ಟಿಂಗ್‌ನಲ್ಲಿ ಹಾಕಿ ತೋರಿಸಿದೆ. ಮೂರು ಸಲ ನೋಡಿದರು. "ಎರಡೂ ಒಂದೇ ಅಲ್ವಾ?" ಅಂದರು.

ಇನ್ನು ನನಗೆ ನಿಜಕ್ಕೂ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ವಿಧಾನಕ್ಕೆ ಕೋಡೆಕ್ ಅಂತಾರೆ. ಹಳೇದು ಎಚ್.264, 2003ರದ್ದು, ಎಲ್ಲಾ ಫೋನಲ್ಲೂ ಓಡುತ್ತೆ. 2013ರಲ್ಲಿ ಬಂದ ಎಚ್‌ಇವಿಸಿ ಹೆಚ್ಚುಕಡಿಮೆ ಅದೇ ಗುಣಮಟ್ಟವನ್ನು ಅರ್ಧ ಡೇಟಾದಲ್ಲಿ ಕೊಡೋಕೆ ಅಂತಲೇ ಮಾಡಿದ್ದು. 2018ರ ಎವಿ1 ಅದಕ್ಕಿಂತಲೂ ಮುಂದೆ. ಆದರೆ ಹೊಸ ಕೋಡೆಕ್ ಬಿಚ್ಚೋಕೆ ಹೊಸ ಚಿಪ್ ಇದ್ದರೆ ಸುಲಭ. ಹಳೇ ಫೋನಿಗೆ, ಅಗ್ಗದ ಫೋನಿಗೆ ಹಳೇ ಕೋಡೆಕ್ಕೇ ಗತಿ. ಇದರ ಅರ್ಥ ಏನು? ದುಬಾರಿ ಫೋನ್ ಇದ್ದವರಿಗೆ ಅದೇ ಚಿತ್ರ ಕಡಿಮೆ ಡೇಟಾದಲ್ಲಿ ಸಿಗುತ್ತೆ. ಹಳೇ ಫೋನನ್ನೇ ಜೋಪಾನವಾಗಿ ಬಳಸುತ್ತಾ, ಚಿಕ್ಕ ಪ್ಲಾನ್ ಹಾಕಿಸಿಕೊಂಡು, ದಿನದ ಕೊನೆಗೆ ಎಷ್ಟು ಎಂಬಿ ಉಳಿದಿದೆ ಅಂತ ನೋಡಿ ಸಿನಿಮಾ ಹಾಕುವವರಿಗೆ ಅದೇ ಚಿತ್ರಕ್ಕೆ ಜಾಸ್ತಿ ಡೇಟಾ ಹೋಗುತ್ತೆ. ಇದು ಬೇಕು ಅಂತ ಮಾಡಿದ್ದಲ್ಲ, ಗೊತ್ತು. ಆದರೆ ಆಗಿರೋದು ಹೀಗೆ.

ಇದನ್ನು ಸರಿ ಮಾಡೋಕೆ ಆಗಲ್ಲ ಅಂತಲೂ ಇಲ್ಲ. ಚಿಪ್ಪಿನ ಸಹಾಯ ಇಲ್ಲದೆ ಸಾಫ್ಟ್‌ವೇರಿನಲ್ಲೇ ಎವಿ1 ಬಿಚ್ಚುವ ಡೇವಿಡ್ ಅನ್ನೋ ಡಿಕೋಡರ್ ಇದೆ, ಯಾರು ಬೇಕಾದರೂ ಬಳಸಬಹುದು. ನೆಟ್‌ಫ್ಲಿಕ್ಸ್ 2020ರ ಫೆಬ್ರವರಿಯಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಎವಿ1 ಕಳಿಸೋಕೆ ಶುರು ಮಾಡಿದ್ದು ಅದನ್ನು ಬಳಸಿಯೇ, ಅದೂ ಮೊದಲು ಡೇಟಾ ಉಳಿತಾಯದ ಸೆಟ್ಟಿಂಗ್ ಹಾಕಿಕೊಂಡವರಿಗೆ. ನನಗೆ ಇದು ತುಂಬಾ ಇಷ್ಟ ಆಯ್ತು. ಹೊಸದು ಬಂದಾಗ ಮೊದಲು ಯಾರಿಗೆ ಕೊಡಬೇಕು ಅಂತ ಸರಿಯಾಗಿ ಯೋಚನೆ ಮಾಡಿದ್ದಾರೆ. ಉಳಿದವರೂ ಹೀಗೇ ಯೋಚಿಸಿ. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನಬಹುದು. ಬ್ಯಾಟರಿ ಉಳಿಸಬೇಕಾ ಡೇಟಾ ಉಳಿಸಬೇಕಾ ಅಂತ ನಮ್ಮನ್ನೇ ಕೇಳಿ, ನಾವು ಹೇಳುತ್ತೇವೆ.

ದನಿಯ ವಿಷಯ ಯಾರೂ ಮಾತಾಡಲ್ಲ. ಎರಡು ಕಿವಿಗೆ ಸಾಕಾಗುವ ಸ್ಟೀರಿಯೋ ಸೆಕೆಂಡಿಗೆ 128 ಕಿಲೋಬಿಟ್ ಅಂದರೆ ಗಂಟೆಗೆ ಸುಮಾರು 58 ಎಂಬಿ. ಥಿಯೇಟರ್ ಥರ ಸುತ್ತ ಕೇಳಿಸುವ ದನಿ 640 ಕಿಲೋಬಿಟ್‌ನದಾದರೆ ಗಂಟೆಗೆ 288 ಎಂಬಿ. ಉಳಿತಾಯದ ಸೆಟ್ಟಿಂಗ್‌ನಲ್ಲಿ ಚಿತ್ರ, ದನಿ ಎರಡೂ ಸೇರಿ ಹೋಗುವುದಕ್ಕಿಂತ ಇದೊಂದೇ ಜಾಸ್ತಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಅದು ಬೇಕಾ?

ಆಟೋಪ್ಲೇ ಬಗ್ಗೆ ಹೇಳಲೇಬೇಕು, ಅಪ್ಪನ ಡೇಟಾ ತಿಂದಿದ್ದು ಅದೇ. ಮೊಬೈಲ್ ಡೇಟಾದಲ್ಲಿ ಇರುವಾಗ ಮುಂದಿನದು ತಾನಾಗಿ ಶುರು ಆಗಬಾರದು. ಸುಮ್ಮನೆ ಪಟ್ಟಿ ನೋಡುತ್ತಾ ಇದ್ದರೆ ಟ್ರೇಲರ್ ಓಡಬಾರದು. ಬೇಕಾದವರು ಆನ್ ಮಾಡಿಕೊಳ್ಳಲಿ. ಈಗ ಉಲ್ಟಾ ಇದೆ, ಬೇಡದವರು ಹುಡುಕಿ ಆಫ್ ಮಾಡಬೇಕು. ಸಿನಿಮಾ ಮುಗಿದ ಮೇಲೆ ಐದು ಸೆಕೆಂಡ್ ಎಣಿಸಿ ಮುಂದಿನದನ್ನು ಹಾಕುತ್ತೀರಲ್ಲ, ನಿದ್ದೆ ಹೋದವರು ಆ ಐದು ಸೆಕೆಂಡಿನಲ್ಲಿ ಏನು ಮಾಡೋಕೆ ಆಗುತ್ತೆ?

ಹಿಂದಕ್ಕೆ ಹೋಗಿ ಒಂದು ಮಾತು ಮತ್ತೆ ಕೇಳೋಣ ಅಂತ ಹತ್ತು ಸೆಕೆಂಡಿನ ಬಟನ್ ಒತ್ತಿದರೂ ಒಮ್ಮೊಮ್ಮೆ ಲೋಡಿಂಗ್ ಚಕ್ರ ಮತ್ತೆ ಸುತ್ತುತ್ತೆ. ಈಗ ತಾನೇ ನೋಡಿದ ತುಂಡನ್ನು ಬಿಸಾಕಿ ಮತ್ತೆ ಹೊಸದಾಗಿ ತರಿಸಿಕೊಳ್ಳುತ್ತಾ ಇದೆ ಅಂತ ಅರ್ಥ. ದಯವಿಟ್ಟು ನಾಲ್ಕೈದು ನಿಮಿಷದ್ದಾದರೂ ಇಟ್ಟುಕೊಳ್ಳಿ.

ಫೋನೇ ನಿಮಗೆ ಹೇಳುತ್ತೆ ಅನ್ನೋದನ್ನೂ ನೆನಪಿಸುತ್ತೇನೆ. ಆಂಡ್ರಾಯ್ಡ್ 7ರಲ್ಲಿ, ಅಂದರೆ 2016ರಲ್ಲೇ, ಡೇಟಾ ಸೇವರ್ ಬಂತು. ಐಫೋನಿಗೆ 2019ರಲ್ಲಿ ಲೋ ಡೇಟಾ ಮೋಡ್ ಬಂತು. ಇವನ್ನು ಆನ್ ಮಾಡಿದ್ದರೆ, ಈಗಿರುವುದು ಅಳೆದು ಕೊಡುವ ಡೇಟಾ ಆಗಿದ್ದರೆ, ಅದನ್ನು ತಿಳಿದುಕೊಳ್ಳೋಕೆ ಆಪ್‌ಗೆ ದಾರಿ ಇದೆ. ಒಬ್ಬರು ಇಡೀ ಫೋನಿಗೇ "ನನ್ನ ಹತ್ತಿರ ಡೇಟಾ ಕಡಿಮೆ ಇದೆ" ಅಂತ ಹೇಳಿದ ಮೇಲೆ ಅದನ್ನೇ ಮತ್ತೆ ನಿಮ್ಮ ನಾಲ್ಕನೇ ಮೆನುವಿನೊಳಗೆ ಹೋಗಿ ಹೇಳಬೇಕಾ? ಇದರ ಜೊತೆಗೆ, ವೈಫೈ ದುರ್ಬಲ ಆದಾಗ ಕೆಲವು ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತವೆ. ಐಫೋನಿನಲ್ಲಿ 2015ರಿಂದಲೇ ವೈಫೈ ಅಸಿಸ್ಟ್ ಅಂತ ಇದೆ. ಹಾಗೆ ಬದಲಾದ ಕ್ಷಣ ಪರದೆಯ ಮೂಲೆಯಲ್ಲಿ "ಈಗ ಮೊಬೈಲ್ ಡೇಟಾ" ಅಂತ ಮೂರು ಪದ ಬಂದರೆ ಸಾಕು. ಸಿನಿಮಾ ನಿಲ್ಲಿಸೋದೂ ಬೇಡ.

ಆಗಲ್ಲ ಅನ್ನೋ ಮಾತನ್ನು ನಾನು ನಂಬದೇ ಇರೋದಕ್ಕೆ ಇನ್ನೊಂದು ಕಾರಣ 2020ರ ಮಾರ್ಚ್. ಕೋವಿಡ್‌ನಿಂದ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಯುರೋಪಿನಲ್ಲಿ ನೆಟ್‌ವರ್ಕ್ ಮೇಲೆ ಭಾರ ಜಾಸ್ತಿ ಆಗುತ್ತೆ ಅನ್ನೋ ಭಯ ಬಂತು. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಆಗಿನ ಕಮಿಷನರ್ ಥಿಯೆರಿ ಬ್ರೆಟನ್, ವಿಡಿಯೋ ಗುಣಮಟ್ಟ ಇಳಿಸಿ ಅಂತ ಕೇಳಿಕೊಂಡರು. ಕೆಲವೇ ದಿನದಲ್ಲಿ ನೆಟ್‌ಫ್ಲಿಕ್ಸ್ ಅಲ್ಲಿ ತನ್ನ ಟ್ರಾಫಿಕ್ ಸುಮಾರು 25% ಕಡಿಮೆ ಆಗುವ ಹಾಗೆ ಮಾಡಿತು, ಯೂಟ್ಯೂಬ್ ವಿಡಿಯೋಗಳನ್ನು ಮೊದಲಿಗೇ ಸಾಧಾರಣ ಗುಣಮಟ್ಟದಲ್ಲಿ ಶುರು ಮಾಡಿತು. ಜನ ಸಿನಿಮಾ ನೋಡೋದು ಬಿಡಲಿಲ್ಲ. ಅಧಿಕಾರದಲ್ಲಿ ಇರುವವರು ಕೇಳಿದಾಗ ದಿನಗಳಲ್ಲಿ ಆಗುವ ಕೆಲಸ, ನಾವು ಕೇಳಿದಾಗಲೂ ಆಗಬೇಕು. ನಾವು ಕೇಳುತ್ತಿರೋದು ಅದಕ್ಕಿಂತ ಚಿಕ್ಕದು. ಗುಣಮಟ್ಟ ಇಳಿಸಿ ಅಂತಲೂ ಹೇಳುತ್ತಿಲ್ಲ. ಎಷ್ಟು ಅಂತ ತಿಳಿಸಿ, ಆರಿಸೋದು ನಾವು.

ಮೊಬೈಲ್ ನೆಟ್‌ವರ್ಕ್ ಕಂಪನಿಗಳಿಗೂ ಇಲ್ಲೇ ಒಂದು ಮಾತು. ಅನ್‌ಲಿಮಿಟೆಡ್ ಅಂತ ದೊಡ್ಡಕ್ಷರದಲ್ಲಿ ಬರೆದು, ಮಿತಿ ದಾಟಿದ ಮೇಲೆ ವೇಗ ಇಳಿಸುತ್ತೇವೆ ಅಂತ ಚಿಕ್ಕಕ್ಷರದಲ್ಲಿ ಬರೆಯಬೇಡಿ. ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರೆ 1 ಜಿಬಿಯ ಸಿನಿಮಾ ಬರೋಕೆ ಸುಮಾರು 35 ಗಂಟೆ ಬೇಕು. ಅದಕ್ಕೆ ಅನ್‌ಲಿಮಿಟೆಡ್ ಅನ್ನೋ ಹೆಸರು ಸರಿಯಲ್ಲ. ಅರ್ಧ ಮುಗಿದಾಗ ಒಂದು ಮೆಸೇಜು, ಮುಗಿಯೋಕೆ ಬಂದಾಗ ಇನ್ನೊಂದು, ಎರಡೂ ತಕ್ಷಣ ಬರಲಿ. ಎಲ್ಲಾ ಮುಗಿದ ಮೇಲೆ ಬರುವ ಮೆಸೇಜಿಂದ ಯಾರಿಗೂ ಉಪಯೋಗ ಇಲ್ಲ.

ಅಪ್ಪ ಈಗ ಮತ್ತೆ ಸಿನಿಮಾ ನೋಡುತ್ತಿದ್ದಾರೆ. ಆಟೋಪ್ಲೇ ಆಫ್ ಮಾಡಿಕೊಟ್ಟಿದ್ದೇನೆ, ಗುಣಮಟ್ಟ ಉಳಿತಾಯಕ್ಕೆ ಇಟ್ಟಿದ್ದೇನೆ. ಆದರೂ ಧೈರ್ಯ ಪೂರ್ತಿ ಬಂದಿಲ್ಲ. ಹಾಕುವ ಮುಂಚೆ ಪ್ರತಿ ರಾತ್ರಿ ನನ್ನ ಕೋಣೆ ಬಾಗಿಲಿಗೆ ಬಂದು ಫೋನ್ ತೋರಿಸಿ ಕೇಳುತ್ತಾರೆ, "ಇದು ಎಷ್ಟು ತಿನ್ನುತ್ತಮ್ಮ?" ನಿನ್ನೆಯೂ ಕೇಳಿದರು. ಎರಡು ಗಂಟೆ ಹತ್ತು ನಿಮಿಷದ ಸಿನಿಮಾ. ಮನಸ್ಸಲ್ಲೇ ಗುಣಿಸಿ "ನಾನೂರು ಎಂಬಿ ಒಳಗೇ ಆಗುತ್ತೆ, ನೋಡಿ ಅಪ್ಪ" ಅಂದೆ. ಅದು ನನ್ನ ಅಂದಾಜು. ಸರಿಯಾದ ಲೆಕ್ಕ ನಿಮ್ಮ ಹತ್ತಿರ ಇದೆ, ಅದು ಅವರ ಫೋನಿನಲ್ಲೇ ಕಾಣಬೇಕು.

ಇಂತಿ,
ನಿಮ್ಮ ಆಪ್ ಬಳಸುವ ಒಬ್ಬಳು